ತಾಂಬೂಲವೂ ಏಡಿಗಂತಿಯೂ

ತಾಂಬೂಲವಿಲ್ಲದೆ ನಮ್ಮಲ್ಲಿ ಮಂಗಳಕಾರ್ಯವಿಲ್ಲ. ಮದುವೆಯ ಮಾತು ಸ್ಥಿರವಾಗುವುದು ತಾಂಬೂಲ ಬದಲಾದಾಗ. ಮನೆಗೆ ಬಂದ ಮುತ್ತೈದೆ ಅದನ್ನು ಸೆರಗಿನಲ್ಲಿ ಸ್ವೀಕರಿಸಿಯೇ ಹಿಂದಿರುಗಬೇಕು. ಊಟವಾದ ಬಳಿಕ ಜಗುಲಿಗೆ ಎಲೆಯಡಕೆಯ ತಟ್ಟೆ ಬಂದರೆ ಹರಟೆಗೂ ಕಳೆಯೇರುತ್ತದೆ. ಇಂಥ ವಸ್ತುವನ್ನು ಕುರಿತು ಅಪ್ರಿಯವಾದುದನ್ನು ನುಡಿಯುವುದು ಯಾರಿಗೂ ಹಿತವಲ್ಲ. ಅಡಕೆಯ ತೋಟವನ್ನೇ ನಂಬಿ ಬಾಳುವ ಮಲೆನಾಡಿನವರಿಗಂತೂ ಕೇಳುವುದೂ ಕಷ್ಟ. ಆದರೂ ನುಡಿಯಬೇಕಾಗಿದೆ.

ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಎಂಬ ಹೆಸರುಂಟು. ಪಾಶ್ಚಾತ್ಯರ ಹೆಸರಿನ ಹಿಂದೆ ಇರುವುದೂ ಅದೇ ಏಡಿ. ಹೊಗೆಸೊಪ್ಪು ಬೆರೆತ ಎಲೆಯಡಕೆಯು ಈ ರೋಗವನ್ನು ತರುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1985ರಲ್ಲಿಯೇ ಸಾರಿತ್ತು. ಹೊಗೆಸೊಪ್ಪನ್ನು ಬಿಟ್ಟರಾಯಿತು, ಅಡಕೆಯಲ್ಲೇನು ದೋಷ ಎಂದು ಸಮಾಧಾನ ತಂದುಕೊಂಡವರು ಅನೇಕರು. ಅದೇ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟವು ಆ ಸಮಾಧಾನವನ್ನೂ ಉಳಿಸಲಿಲ್ಲ. ಬರಿಯ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ಅದು ನಿರ್ಣಯಿಸಿತು. ಮದುವೆಮನೆಯಲ್ಲೊಮ್ಮೆ ಮೆಲ್ಲುವ ವೀಳ್ಯವೂ ಹಗಲೆಲ್ಲ ದವಡೆಯಲ್ಲಿ ಒತ್ತಿಟ್ಟ ಗುಟ್ಕವೂ ಒಂದೇ ಅಲ್ಲ, ನಿಜ. ಅಭ್ಯಾಸ ಬಲಿತಷ್ಟೂ, ವರ್ಷಗಳು ಕಳೆದಷ್ಟೂ ಅಪಾಯ ಏರುತ್ತದೆ.

ಬಾಯಿಯ ಏಡಿಗಂತಿ ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಬರುವುದಲ್ಲ. ಕೆನ್ನೆಯ ಒಳಮೈಯಲ್ಲಿ ಉಜ್ಜಿದರೂ ಹೋಗದ ಬಿಳಿಯ ಮಚ್ಚೆ, ಅದಕ್ಕಿಂತಲೂ ಶಂಕಾಸ್ಪದವಾದ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು—ಇವು ಅದರ ಮುನ್ಸೂಚನೆಗಳಾಗಿರಬಹುದು. ಅಡಕೆಯ ಚಟವುಳ್ಳವರಲ್ಲಿ ಕೆಲವರಿಗೆ ಸಾರಿನ ಖಾರವೂ ಬಾಯಿಯನ್ನು ಸುಡುತ್ತದೆ. ಕ್ರಮೇಣ ಬಾಯಿ ಅಗಲವಾಗಿ ತೆರೆಯದಂತಾಗುತ್ತದೆ. ಮೊದಮೊದಲು ನೋವು ಇಲ್ಲದಿರುವುದೇ ಇದರ ಮೋಸ. ನೋವಿಲ್ಲದುದಕ್ಕೆ ವೈದ್ಯನೇಕೆ ಎಂದು ತಿಂಗಳುಗಳು ಕಳೆಯುತ್ತವೆ.

ಹೊಟ್ಟೆಯೊಳಗಿನ ಗಂಟನ್ನು ಕಾಣಲು ಯಂತ್ರಗಳು ಬೇಕು. ಬಾಯಿಯ ಬಹುಭಾಗವನ್ನು ನೋಡಲು ಬೆಳಕೂ ಕನ್ನಡಿಯೂ ಸಾಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ, ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಪರೀಕ್ಷಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿದುದನ್ನು 2005ರ ವರದಿ ತಿಳಿಸಿತು. ಇಷ್ಟು ಅಗ್ಗದ ಉಪಾಯ ನಮ್ಮ ಹಳ್ಳಿಗಳಲ್ಲಿ ಇನ್ನೂ ನಿತ್ಯದ ರೂಢಿಯಾಗದಿರುವುದು ಸೋಜಿಗವೇ ಸರಿ.

ಸಂಶಯವಿದ್ದಲ್ಲಿ ವೈದ್ಯರು ಮಾಂಸದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕತ್ತಿ ತಾಗಿದರೆ ರೋಗ ಹರಡುವುದೆಂಬ ಭೀತಿ ಓದುಬಲ್ಲವರಲ್ಲಿಯೂ ಇದೆ, ಅದಕ್ಕೆ ಆಧಾರವಿಲ್ಲ. ಆ ಸಣ್ಣ ಗಾಯ ಕೆಲವು ದಿನಗಳಲ್ಲಿ ಮಾಯುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಲ್ಲಿ ಮಾತ್ರವಲ್ಲ, ದಂತವೈದ್ಯ ಕಾಲೇಜುಗಳಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ.