ಬಡ್ಡಿಗೆ ಹೂವು: ಪೂದೋಂಟ, ಮಾಲೆಗಾರ ಮತ್ತು ನಮ್ಮ ಬಾಗಿಲ ಚಿಲಕ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದವರಿಗೆ ಗೊತ್ತಿರುತ್ತದೆ, ಮೊಳ ಎನ್ನುವುದು ಎಷ್ಟು ಎಳೆದಾಡುವ ಅಳತೆ ಅಂತ. ಮೊಳಕೈಯಿಂದ ನಡುಬೆರಳ ತುದಿಗೆ ಒಂದು ಮೊಳ, ಸರಿ. ಆದರೆ ಯಾರ ಕೈ? ಮಾರುವವರ ಕೈ. ಬೆರಳು ನೆಟ್ಟಗಿತ್ತೋ ಮಡಚಿತ್ತೋ ನೋಡುವಷ್ಟರಲ್ಲಿ ಹೂವು ಬಾಳೆ ಎಲೆಯೊಳಗೆ ಸೇರಿ ದಾರ ಸುತ್ತಿಕೊಂಡಾಗಿರುತ್ತದೆ. ಕಾಕಡ, ಕನಕಾಂಬರ, ಮರುಗ, ಸೇವಂತಿಗೆ ಎಲ್ಲದರ ಬೆಲೆಯೂ ಅಂದು ಬೇರೆಯೇ. ಮರುದಿನ ಸಂಜೆ ಅದೇ ಹೂವನ್ನು ಕೇಳುವವರಿರುವುದಿಲ್ಲ.

ಈ ಸಲ ಅಲ್ಲಿ ನಿಂತಾಗ ತಲೆಗೆ ಬಂದದ್ದು ಭೇರುಂಡಗಳೆ. ಬಳ್ಳಿಗಾವೆಯ ಶಾಸನಗಳನ್ನು ಓದಿದವರಿಗೆ ಪರಿಚಿತ ಪದ. ದಾನದ ಭೂಮಿಯನ್ನು ಯಾವ ಗಳೆಯಿಂದ, ಅಂದರೆ ಯಾವ ಅಳತೆಕೋಲಿನಿಂದ ಅಳೆಯಲಾಯಿತು ಎಂದು ಹೆಸರಿಟ್ಟು ಹೇಳುವುದು ಶಾಸನಗಳ ಕ್ರಮ. ಇಷ್ಟು ಮತ್ತರು, ಇಷ್ಟು ಕಮ್ಮ ಎಂದರಷ್ಟೇ ಸಾಲದು, ಕೋಲು ಯಾವುದು ಎಂದೂ ಹೇಳಬೇಕು. ಇಲ್ಲವಾದರೆ ಮುಂದೊಂದು ದಿನ ಯಾರಾದರೂ ಗಿಡ್ಡ ಕೋಲು ಹಿಡಿದು ಬರುತ್ತಾರೆ. ಹೀಗೆ ಕೋಲು ಹೆಸರಿಸಿ ಅಳೆದುಕೊಟ್ಟ ಭೂಮಿಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಬಾಬತ್ತು ‘ಪೂದೋಂಟ’.

ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಶಾಸನ ಓದುವ ಹುಚ್ಚು ಹಿಡಿದ ಮೊದಲ ಹತ್ತು ವರ್ಷ ನಾನು ದಾನದ ಭಾಗವನ್ನು ಸರಿಯಾಗಿ ಓದಿದವಳೇ ಅಲ್ಲ. ರಾಜನ ಬಿರುದು, ವಂಶಾವಳಿ, ಯುದ್ಧ, ಕವಿಯ ಹೆಸರು ಇದ್ದರೆ ಅದು, ಕೊನೆಗೆ ಶಾಪ. ನಡುವೆ ‘ದೇವರ ಅಂಗಭೋಗ ರಂಗಭೋಗಕ್ಕೆ’, ‘ಗಂಧ ಪುಷ್ಪ ಧೂಪ ದೀಪ ನೈವೇದ್ಯಕ್ಕೆ’ ಅಂತ ಬಂತೆಂದರೆ, ಹಾಂ, ಅದೇ ಮಾಮೂಲಿ ಸಾಲು ಅಂತ ದಾಟಿಬಿಡುತ್ತಿದ್ದೆ. ನಿಮ್ಮಲ್ಲೂ ಅನೇಕರು ಹಾಗೇ ಮಾಡುತ್ತೀರಿ, ಗೊತ್ತು. ಆ ಸಾಲಿನಲ್ಲಿರುವ ‘ಪುಷ್ಪ’ ಉಳಿದ ನಾಲ್ಕರ ಹಾಗಲ್ಲ ಅನ್ನುವುದು ಹೊಳೆದದ್ದು ಬಹಳ ತಡವಾಗಿ.

ಅಕ್ಕಿಯನ್ನು ಕಣಜದಲ್ಲಿ ಇಡಬಹುದು. ಎಣ್ಣೆ ಗಡಿಗೆಯಲ್ಲಿ ನಿಲ್ಲುತ್ತದೆ. ಗಂಧದ ಕೊರಡು ವರ್ಷಗಟ್ಟಲೆ ಬರುತ್ತದೆ. ದೀಪಕ್ಕೆ ತುಪ್ಪ ಬೇಕಾದರೆ ತಮಿಳು ಶಾಸನಗಳು ಒಂದು ಸೊಗಸಾದ ಲೆಕ್ಕ ಕೊಡುತ್ತವೆ: ಒಂದು ನಂದಾದೀಪಕ್ಕೆ 96 ಕುರಿ. ಸಾಯದ, ಮುಪ್ಪಾಗದ ಕುರಿಗಳು ಎಂದು ಅವನ್ನು ಕರೆಯುತ್ತಾರೆ. ಸತ್ತದ್ದರ ಜಾಗಕ್ಕೆ ಹುಟ್ಟಿದ ಮರಿ ಸೇರಿ ಸಂಖ್ಯೆ ಕಡಮೆಯಾಗಬಾರದು ಎಂದು ಅರ್ಥ. ಹೂವಿಗೆ ಇಂಥ ಯಾವ ಉಪಾಯವೂ ಇಲ್ಲ. ನಿನ್ನೆಯದು ಇವತ್ತಿಗೆ ನಿರ್ಮಾಲ್ಯ. ಹಾಗಾಗಿ ಹೂ ಕೊಡಬೇಕೆಂದವರು ಹೂ ಕೊಟ್ಟರೆ ಮುಗಿಯುತ್ತಿರಲಿಲ್ಲ. ತೋಟ ಕೊಡಬೇಕು, ತೋಟಕ್ಕೆ ನೀರಿರುವ ಜಾಗ ಹುಡುಕಬೇಕು, ಬೆಳಗ್ಗೆ ಬಿಡಿಸಿ ಕಟ್ಟಿ ತರುವ ಮನುಷ್ಯನಿಗೆ ಹೊಟ್ಟೆಗೆ ದಾರಿ ಮಾಡಬೇಕು. ಪೂದೋಂಟಗಳನ್ನು ಅನೇಕ ಕಡೆ ಕೆರೆಯ ಕೆಳಗೆ, ಕಾಲುವೆಯ ಪಕ್ಕ ತೋರಿಸಿರುವುದು ಸುಮ್ಮನೆ ಅಲ್ಲ. ಗದ್ದೆ ಬೇಸಗೆಯಲ್ಲಿ ಒಣಗಿದರೂ ನಡೆಯುತ್ತದೆ. ಹೂವಿನ ತೋಟ ಒಣಗಿದರೆ ಅಂದಿನ ಪೂಜೆಗೆ ಹೂವಿಲ್ಲ.

ಈ ವಿಷಯದಲ್ಲಿ ನನಗೆ ತುಂಬ ಪ್ರಿಯವಾದ ಶಾಸನ ಬಾದಾಮಿಯದು. ಮೂರನೆಯ ಗುಹೆ, ವೈಷ್ಣವ ಗುಹೆ. ಅಲ್ಲಿರುವ ಸಂಸ್ಕೃತ ಶಾಸನವನ್ನು ಎಲ್ಲರೂ ಬಲ್ಲರು: ಶಕ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ, ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ. ತಮ್ಮ ಮಂಗಲೇಶ ಗುಹಾಲಯ ಮಾಡಿಸಿ ಒಂದು ಊರನ್ನು ದತ್ತಿ ಬಿಟ್ಟ. ಕಾಲ ಖಚಿತವಾಗಿ ಸಿಗುವ ಅಪರೂಪದ ಶಾಸನವಾದ್ದರಿಂದ ಕಲಾ ಇತಿಹಾಸದವರಿಗೂ ಅಚ್ಚುಮೆಚ್ಚು. ಆದರೆ ಅದೇ ಗುಹೆಯಲ್ಲಿ ಬೇರೆಯಾಗಿ ಕೆತ್ತಿರುವ ಪುಟ್ಟ ಕನ್ನಡ ಶಾಸನ ಒಂದಿದೆ. ಕಾಲ ನಮೂದಾಗಿಲ್ಲ, ಮಂಗಲೇಶನದೇ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳ ಸಾಲಿಗೆ ಸೇರುವಂಥದು. ಗುಹೆಯನ್ನು ಅದು ‘ಕಲ್ಮನೆ’ ಎನ್ನುತ್ತದೆ. ಎಷ್ಟು ಚೆನ್ನಾಗಿದೆ ನೋಡಿ, ಕಲ್ಲಿನ ಮನೆ. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರು ಕೊಟ್ಟದ್ದನ್ನು ಹೇಳಿ, ದೇವರಿಗೆ ಹೂ ಒದಗಿಸುವ ‘ಮಾಲಕಾರ’ರನ್ನು ಹೆಸರಿಸಿ, ಅವರಿಗೆ ಸಲ್ಲಬೇಕಾದ ಪಾಲಿನ ಮಾತನ್ನೂ ಹೇಳುತ್ತದೆ. ಇದನ್ನು ಅಳಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳು ಆಗುತ್ತಾನೆ ಎಂಬಲ್ಲಿಗೆ ಮುಗಿಯುತ್ತದೆ.

ಹುಳುವಿನ ಶಾಪವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನಾನೂ ಅದನ್ನೇ ಹೇಳಿ ಹತ್ತಾರು ಸಲ ಗೆಳೆಯರನ್ನು ನಗಿಸಿದ್ದೇನೆ. ಆದರೆ ಆ ಶಾಪ ಯಾರ ಕಾವಲಿಗಿದೆ? ಸಂಸ್ಕೃತ ಶಾಸನದಲ್ಲಿ ನಾರಾಯಣಬಲಿ, ದಿನವೂ ಹದಿನಾರು ಬ್ರಾಹ್ಮಣರ ಊಟ, ಉಳಿದದ್ದರಲ್ಲಿ ಪರಿವ್ರಾಜಕರ ಊಟ ಎಂದು ವಿವರ ಬರುತ್ತದೆ. ಹೂ ಕಟ್ಟುವವರ ಪಾಲು ಬಂದಿರುವುದು ಕನ್ನಡದಲ್ಲಿ. ಊರಿನ ಆದಾಯ ಹಂಚುವವರು, ಅದನ್ನು ಪಡೆಯುವವರು, ತಗಾದೆ ಬಂದಾಗ ಕಲ್ಲಿನ ಮುಂದೆ ನಿಂತು ಓದಿಸಿ ಕೇಳುವವರು ಆಡುತ್ತಿದ್ದ ಭಾಷೆ ಅದು. ಸಂಸ್ಕೃತ ಪ್ರಶಸ್ತಿಗೆ, ಕನ್ನಡ ವ್ಯವಹಾರಕ್ಕೆ ಎಂಬ ಹಂಚಿಕೆ ಮುಂದಿನ ಶತಮಾನಗಳಲ್ಲಿ ಢಾಳಾಗಿ ಕಾಣುತ್ತದೆ. ಅದರ ಮೊಳಕೆ ಈ ಹೂವಿನ ಲೆಕ್ಕದಲ್ಲೇ ಇದೆ ಅಂತ ನನ್ನ ಅನಿಸಿಕೆ.

ಪದದ ಬಗ್ಗೆ ಒಂದು ಮಾತು. ‘ಪೂ’ ಹೂವಾದದ್ದು ಪಕಾರ ಹಕಾರವಾದ ದೊಡ್ಡ ಬದಲಾವಣೆಯ ಭಾಗ. ಹತ್ತನೆಯ ಶತಮಾನದ ಆಚೀಚೆ ಶುರುವಾಗಿ ನಿಧಾನವಾಗಿ ಹರಡಿದ್ದು. ಹಾಗಾಗಿ ಪೂದೋಂಟ, ಹೂದೋಂಟ, ಹೂವಿನ ತೋಟ ಎನ್ನುವ ರೂಪಗಳು ಕಣ್ಣಿಗೆ ಬಿದ್ದಾಗ ಕಾಲದ ಒಂದು ಅಂದಾಜು ಸಿಗುತ್ತದೆ, ಆದರೆ ಅದೊಂದನ್ನೇ ನಂಬಬೇಡಿ. ಬರೆಸಿದವರು ಹಳೆಯ ರೂಪವನ್ನೇ ಗೌರವದಿಂದ ಉಳಿಸಿಕೊಂಡದ್ದು ಬೇಕಾದಷ್ಟಿದೆ. ಊರಿನ ಹೆಸರುಗಳಲ್ಲಂತೂ ಈ ಪೂ ಗಟ್ಟಿಯಾಗಿ ಕೂತಿರುತ್ತದೆ. ಹೂವಿನ ಹಡಗಲಿಗೆ ಆ ಹೆಸರು ಬಂದದ್ದು ವಿಜಯನಗರದ ಕಾಲದಲ್ಲಿ ಹಂಪಿಯ ದೇವರಿಗೆ ಅಲ್ಲಿಂದ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿದ್ದುದರಿಂದ ಎಂಬ ಕಥೆ ಎಲ್ಲರ ಬಾಯಲ್ಲಿದೆ. ಹೂವು ಹೋಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಜಯನಗರ ಹುಟ್ಟುವ ಎರಡು ಶತಮಾನಕ್ಕೂ ಮೊದಲು, ಕಲ್ಯಾಣ ಚಾಲುಕ್ಯರ ಶಾಸನಗಳಲ್ಲೇ ಆ ಊರಿನ ಹೆಸರಿಗೆ ‘ಪೂವಿನ’ ಅಂಟಿಕೊಂಡಿದೆ. ವಿಜಯನಗರದ ಹೂವಿನ ಮೋಹಕ್ಕೆ ಬೇರೆ ಸಾಕ್ಷಿ ಬೇಕಾದರೆ 1443ರಲ್ಲಿ ಇಮ್ಮಡಿ ದೇವರಾಯನ ಕಾಲಕ್ಕೆ ಬಂದ ಅಬ್ದುಲ್ ರಜಾಕ್ ಇದ್ದಾನೆ. ಈ ಜನ ಗುಲಾಬಿಯನ್ನು ಊಟದಷ್ಟೇ ಅಗತ್ಯವೆಂದು ಎಣಿಸುತ್ತಾರೆ ಅಂತ ಅವನು ಬೆರಗಾಗಿ ಬರೆದಿಟ್ಟ. ಇಂದು ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಉಡುಪಿ ಕಡೆಯವರ ಅಳತೆ ಮಾತ್ರ ನಮ್ಮ ಮೊಳಕ್ಕಿಂತ ಶಿಸ್ತಿನದು. ಅಲ್ಲಿ ಎಣಿಸಿ ಕಟ್ಟಿದ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಯಾರ ತೋಳು ಎಷ್ಟುದ್ದ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಈಗ ಶ್ರವಣಬೆಳಗೊಳಕ್ಕೆ ಬರೋಣ, ಹೂವಿನ ಹಣಕಾಸು ನೋಡಲು ಅದರಂಥ ಜಾಗ ಇನ್ನೊಂದಿಲ್ಲ. 1889ರಲ್ಲಿ ರೈಸ್ ಅಲ್ಲಿನ 144 ಶಾಸನ ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು 500ಕ್ಕೆ ಏರಿಸಿದರು. ಈಗಿನ ಪರಿಷ್ಕೃತ ಸಂಪುಟದಲ್ಲಿ 573 ಇವೆ. ನಿಸಿದಿ, ಸಲ್ಲೇಖನ, ಚಾವುಂಡರಾಯ ಇವುಗಳನ್ನು ಎಲ್ಲರೂ ಓದುತ್ತಾರೆ. ವಿಂಧ್ಯಗಿರಿಯ ಮೇಲೆ ಹೊಯ್ಸಳರ ಕಾಲದ ಚಿಕ್ಕ ಚಿಕ್ಕ ಶಾಸನಗಳಿವೆ, ಅವನ್ನು ಓದಿ. ರಾಜರಿಲ್ಲ, ಯುದ್ಧವಿಲ್ಲ. ಬೆಳ್ಗೊಳದ ವರ್ತಕರು ಒಟ್ಟಾಗಿ ಗೊಮ್ಮಟದೇವರ, ಪಾರ್ಶ್ವದೇವರ ಹೂವಿಗೆಂದು ವರ್ಷಕ್ಕಿಷ್ಟು ಕೊಡುತ್ತೇವೆ ಅಂತ ಒಪ್ಪಿ ಬರೆಸಿದ್ದಾರೆ. ಭೂಮಿಯನ್ನು ಕ್ರಯಕ್ಕೆ ಕೊಂಡು, ದಿನವೂ ಹೂವು ತರಬೇಕೆಂದು ಮಾಲೆಗಾರನಿಗೆ ಬಿಟ್ಟುಕೊಟ್ಟದ್ದಿದೆ. ಇನ್ನು ಕೆಲವರು ಒಂದಿಷ್ಟು ಗದ್ಯಾಣ ಇಟ್ಟು, ಅದರ ಬಡ್ಡಿಯಿಂದ ದಿನಕ್ಕಿಷ್ಟು ಹಾಲು ಅಭಿಷೇಕಕ್ಕೆ ನಡೆಯಬೇಕು ಅಂದಿದ್ದಾರೆ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ. ಅವಧಿ ‘ಆಚಂದ್ರಾರ್ಕ’, ಚಂದ್ರ ಸೂರ್ಯರಿರುವ ತನಕ.

ಇದೇನು ಬೆಳಗೊಳದವರ ಹೊಸ ಉಪಾಯವಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ನಾಸಿಕದ ಗುಹೆಯಲ್ಲಿ ಉಷವದಾತ ಇದೇ ಮಾಡಿದ್ದ. ನೇಕಾರರ ಎರಡು ಶ್ರೇಣಿಗಳಲ್ಲಿ ಒಟ್ಟು 3000 ಕಾರ್ಷಾಪಣ ಇಟ್ಟು, ಒಂದರಲ್ಲಿ ತಿಂಗಳಿಗೆ ನೂರಕ್ಕೆ ಒಂದು, ಇನ್ನೊಂದರಲ್ಲಿ ಮುಕ್ಕಾಲು ಬಡ್ಡಿ, ಅದರಿಂದ ಭಿಕ್ಷುಗಳ ಬಟ್ಟೆ ಮತ್ತಿತರ ಖರ್ಚು. ‘ಅಕ್ಷಯನೀವಿ’ ಎಂದು ಅದಕ್ಕೆ ಹೆಸರು. ಬಟ್ಟೆಯ ದಾನಕ್ಕೆ ನೇಕಾರರ ಹತ್ತಿರವೇ ದುಡ್ಡು ಇಡುವುದು ಎಷ್ಟು ವ್ಯವಹಾರದ ಬುದ್ಧಿ ಅಂತ ಮೊದಲ ಸಲ ಓದಿದಾಗ ಅನಿಸಿತ್ತು.

ಅದು ನಮ್ಮ ಮನೆಯಲ್ಲೇ ನಡೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಗೆ ದಿನಾ ಬೆಳಗ್ಗೆ ಹೂವು ಬರುತ್ತದೆ. ಬಾಗಿಲ ಚಿಲಕಕ್ಕೆ ಎಲೆಯ ಪೊಟ್ಟಣ ಸಿಕ್ಕಿಸಿ ಹೋಗುತ್ತಾರೆ ಹೂವಿನಮ್ಮ. ತಿಂಗಳ ಲೆಕ್ಕ ಇರಬೇಕು, ಅಮ್ಮ ಕೊಡುತ್ತಿರಬೇಕು ಅಂದುಕೊಂಡಿದ್ದೆ. ಹೋದ ವರ್ಷ ಅಮ್ಮ ತೀರಿಕೊಂಡರು. ಸೂತಕ ಕಳೆದ ಮರುದಿನ ಚಿಲಕದಲ್ಲಿ ಹೂವು. ಮುಡಿಯುವವರು ಇಲ್ಲ, ನಾನು ಒಬ್ಬಳೇ, ದೇವರಿಗೆ ಗಿಡದ ದಾಸವಾಳ ಸಾಕು. ಒಂದು ದಿನ ಕಾದಿದ್ದು ಹಿಡಿದು ಹೇಳಿದೆ, ಇನ್ನು ಬೇಡಮ್ಮ, ಬಾಕಿ ಎಷ್ಟಿದೆ ಹೇಳಿ, ಕೊಟ್ಟುಬಿಡ್ತೀನಿ.

“ಬಾಕಿ ನೀವು ಕೊಡೋದಲ್ಲಕ್ಕಾ, ನಾನು ಕೊಡಬೇಕು” ಅಂದರು. ಆರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಮ್ಮ ಐದು ಸಾವಿರ ಕೈಸಾಲ ಕೊಟ್ಟಿದ್ದರಂತೆ. ಬಡ್ಡಿ ಬೇಡ ಅಂದಿದ್ದಕ್ಕೆ, ಬಡ್ಡಿ ಬದಲು ದಿನಾ ಒಂದು ಮೊಳ ಹೂವು ಹಾಕ್ತೀನಿ ಅಂತ ಇವರೇ ಮಾತು ಕೊಟ್ಟದ್ದು. ಆರು ವರ್ಷದ ಹೂವಿನ ಬೆಲೆ ಅಸಲಿನ ಎಷ್ಟು ಪಟ್ಟು ಆಗಿರಬಹುದೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನಾಚಿದೆ. ಆ ದುಡ್ಡು ಬಿಟ್ಟುಬಿಡಿ, ತೀರಿತು ಅಂದ್ಕೊಳ್ಳಿ ಅಂದರೆ ಕೇಳಲಿಲ್ಲ.

“ಅಮ್ಮಾವ್ರ ದುಡ್ಡು ನನ್ ಹತ್ರಾನೇ ಐತಲ್ಲಕ್ಕಾ. ದುಡ್ಡು ಇರೋಗಂಟ ಹೂವು ಬರ್ತದೆ. ನೀವು ಬೇಡ ಅನ್ನಕ್ಕೆ ಇದು ನಿಮ್ಮುದ್ದಲ್ಲ.”

ಶಾಸನದ ಕೊನೆಯಲ್ಲಿ ಬರುವ ಶ್ಲೋಕಗಳ ಸಾರವೂ ಅದೇ ತಾನೆ. ಕೊಟ್ಟವರ ಮಕ್ಕಳಾದರೂ ಸರಿ, ಮುಂದೆ ಬರುವ ಅರಸರಾದರೂ ಸರಿ, ಇದನ್ನು ತಪ್ಪಿಸಬಾರದು. ಶಾಪವನ್ನು ನಾನು ಯಾವಾಗಲೂ ಕಳ್ಳರಿಗೆ, ಶತ್ರುಗಳಿಗೆ ಎಂದು ಓದಿಕೊಂಡಿದ್ದೆ. ವಾರಸುದಾರರಿಗೂ ಅನ್ನುವುದು ಮನಸ್ಸಿಗೆ ಇಳಿದಿರಲಿಲ್ಲ. ಖರ್ಚು ಉಳಿಸೋಣ, ಇನ್ನು ಏಕೆ ಅನ್ನುವ ಒಳ್ಳೆಯ ಮನಸ್ಸಿನ ಮಗಳೂ ಏಳನೆಯ ನರಕದ ಪಟ್ಟಿಯಲ್ಲಿ ಬರುತ್ತಾಳೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಮಾಲೆಗಾರನಿಗೆ ಭೂಮಿ ಕೊಟ್ಟದ್ದು ಚಂದ್ರ ಸೂರ್ಯರಿರುವ ತನಕ ಅಂದರೆ, ದುಡಿಮೆಯೂ ಅಷ್ಟೇ ಕಾಲ. ಜ್ವರ ಬಂದ ದಿನ ಯಾರು ತರುತ್ತಿದ್ದರು? ಮಳೆಗಾಲದಲ್ಲಿ ಮೊಗ್ಗು ಕೊಳೆತರೆ? ಶಾಸನ ಹೇಳುವುದಿಲ್ಲ. ಮಾಲೆಗಾರರ ಹೆಸರು ಕೂಡ ಬಹಳಷ್ಟು ಕಡೆ ಇರುವುದಿಲ್ಲ, ಕೊಟ್ಟವರ ಹೆಸರು ಇರುತ್ತದೆ. ಉತ್ತರ ಕರ್ನಾಟಕದ ಹೂಗಾರ ಮನೆತನಗಳಲ್ಲಿ ಮನೆ ಮನೆಗೆ ಹೂವು, ಪತ್ರೆ ಹಾಕಿ ಸುಗ್ಗಿಯಲ್ಲಿ ಕಾಳು ಪಡೆಯುವ ರೂಢಿ ಇತ್ತು. ಅಲ್ಲಿ ಕಸಬೇ ಹೆಸರಾಗಿ ನಿಂತಿದೆ. ಹಳೆಯ ಊರುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುವವರು ದಯವಿಟ್ಟು ದೇವಸ್ಥಾನದ ಕಲ್ಲಿನ ಜೊತೆಗೆ ಹೂವು ತರುವ ಮನೆಯವರನ್ನೂ ಮಾತಾಡಿಸಿ. ಯಾವ ಹೊಲಕ್ಕೆ ಹೂವಿನ ತೋಟ ಅನ್ನುತ್ತಾರೆ ಅಂತ ಕೇಳಿ. ಕಲ್ಲಿನಲ್ಲಿ ಹೇಳಿದ ಎಲ್ಲೆಗೂ ಅದಕ್ಕೂ ತಾಳೆ ನೋಡಿ. ಹೊಲದ ಹೆಸರು ಕಲ್ಲಿಗಿಂತ ಬೇಗ ಅಳಿಯುತ್ತದೆ, ಅದರಲ್ಲೂ ಬಡಾವಣೆ ಬಂದರೆ.

ಅಮ್ಮನ ಹಳೆಯ ಲೆಕ್ಕದ ಪುಸ್ತಕ ಹುಡುಕಿದೆ. ಹಾಲಿನ ಲೆಕ್ಕದ ಹಿಂದಿನ ಪುಟದಲ್ಲಿ ‘ಹೂವು 5000’ ಅಂತ ಒಂದು ಸಾಲು ಸಿಕ್ಕಿತು. ತಿಥಿಯಿಲ್ಲ, ಸಾಕ್ಷಿಯಿಲ್ಲ, ಎಲ್ಲೆಯಿಲ್ಲ, ಶಾಪವಂತೂ ಇಲ್ಲ. ಬೇರೆ ಯಾರದಾದರೂ ಆಗಿದ್ದರೆ ಅಪೂರ್ಣ ಪಾಠ ಅಂತ ಷರಾ ಬರೆಯುತ್ತಿದ್ದೆ.

ಚಾಲುಕ್ಯರ ಕಾಲದ ದತ್ತಿಗಳಲ್ಲಿ ನಿತ್ಯದ ಪೂಜೆ ಬೇರೆ, ಚೈತ್ರ ಪವಿತ್ರದಂಥ ಹಬ್ಬಗಳ ಖರ್ಚು ಬೇರೆ. ಒಂದರೊಳಗೆ ಇನ್ನೊಂದು ಸೇರಿಸುವುದಿಲ್ಲ. ಈ ವರಮಹಾಲಕ್ಷ್ಮಿಗೆ ಮಾರುಕಟ್ಟೆಯಿಂದ ತಂದದ್ದು ಸಾಲದೆ ಹೂವಿನಮ್ಮನಿಗೆ ಎರಡು ಮೊಳ ಹೆಚ್ಚಿಗೆ ಹೇಳಿದೆ. ಬೆಳಗ್ಗೆ ಚಿಲಕದಲ್ಲಿ ಎರಡು ಪೊಟ್ಟಣ ಇದ್ದವು, ಚಿಕ್ಕದು ಅಮ್ಮನದು, ದೊಡ್ಡದು ನನ್ನದು. ದೊಡ್ಡದಕ್ಕೆ ಹಬ್ಬದ ರೇಟೇ ತಗೊಂಡರು.