ಸಿಮೆಂಟಿನ ಸೀಮೆಯಲ್ಲಿ ಜಾಲರಕ್ಷಣೆ: ತಪ್ಪು ಕಲ್ಪನೆ ಮತ್ತು ಸತ್ಯ

ಕಾಗಿಣಾ ತೀರದ ಸುಣ್ಣಕಲ್ಲಿನ ಸೀಮೆಯಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಶಹಾಬಾದಿನಲ್ಲಿ ಮೊಳೆತು, ಮುಂದೆ ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿಗಳವರೆಗೆ ಹಬ್ಬಿದ ಸಿಮೆಂಟಿನ ಉದ್ಯಮವು ಈಗ ಕಲ್ಲನ್ನು ಪುಡಿಮಾಡುವುದರಿಂದ ಹಿಡಿದು ಲಾರಿಗೆ ಚೀಲ ತುಂಬಿ ಬಿಲ್ಲು ಕೊಡುವವರೆಗೆ ಗಣಕಜಾಲವನ್ನೇ ಆಶ್ರಯಿಸಿದೆ. ಆದರೂ ಅಂತಹ ಜಾಲವನ್ನು ಹೆಣೆಯುವಾಗ, ‘ಮೊದಲು ಕೆಲಸ ಶುರುವಾಗಲಿ, ಭದ್ರತೆಯನ್ನು ಆಮೇಲೆ ನೋಡಿಕೊಳ್ಳೋಣ’ ಎಂಬ ನಂಬಿಕೆ ವಿವೇಕಿಗಳಲ್ಲಿಯೂ ಬೇರೂರಿರುವುದನ್ನು ಕಂಡರೆ ಕಳವಳವಾಗುತ್ತದೆ. ಏಕೆಂದರೆ ಉಳಿದ ತಪ್ಪು ಕಲ್ಪನೆಗಳೆಲ್ಲ ಇದೊಂದರಿಂದಲೇ ಕವಲೊಡೆದಿವೆ.

ಆ ‘ಆಮೇಲೆ’ ಎಂಬುದು ಸಿಮೆಂಟಿನ ಕಾರ್ಖಾನೆಗೆ ಬಹು ದುರ್ಲಭ. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕಲ್ಲಿನ ಪುಡಿಯನ್ನು ಬೇಯಿಸುತ್ತ ಹಗಲಿರುಳೂ ಸುತ್ತುವ ಕಿಲ್ನು, ಕಾದಿರುವಾಗ ಹಠಾತ್ತನೆ ನಿಂತುಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುವುದು; ಥಟ್ಟನೆ ತಣಿದರೆ ಒಳಗಿನ ಶಾಖನಿರೋಧಕ ಇಟ್ಟಿಗೆ ಬಿರಿಯುವುದು. ಅದಕ್ಕಾಗಿಯೇ ವಿದ್ಯುತ್ತು ಹೋದಾಗಲೂ ಅದನ್ನು ಮೆಲ್ಲಗೆ ತಿರುಗಿಸಲು ಬೇರೊಂದು ಎಂಜಿನನ್ನು ಇಟ್ಟಿರುತ್ತಾರೆ. ವಿಂಗಡಣೆಯಿಲ್ಲದೆ ಹರಡಿಕೊಂಡ ಜಾಲವನ್ನು ತರುವಾಯ ಭಾಗಮಾಡಬೇಕಾದರೆ, ಯಂತ್ರಗಳನ್ನು ಆಳುವ ಪಿಎಲ್‌ಸಿಗಳ ವಿಳಾಸಗಳನ್ನು ಬದಲಿಸಿ, ಸ್ವಿಚ್ಚುಗಳನ್ನು ಬೇರ್ಪಡಿಸಿ, ಪ್ರತಿಯೊಂದು ಸಂಪರ್ಕವನ್ನೂ ಮತ್ತೆ ಪರೀಕ್ಷಿಸಬೇಕು. ಅದಕ್ಕೆ ಅವಕಾಶ ಸಿಗುವುದು ಶಟ್‌ಡೌನಿನ ದಿನಗಳಲ್ಲಿ, ಆ ದಿನಗಳೋ ಇಟ್ಟಿಗೆ ಕಟ್ಟುವವರಿಗೂ ಫಿಟ್ಟರುಗಳಿಗೂ ಸಾಲದೆ ಹೋಗುತ್ತವೆ. ಶಹಾಬಾದಿ ಫರಸಿ ಹಾಸುವವನು ನೀರು ಹರಿಯುವ ಇಳಿಜಾರನ್ನು ಕಲ್ಲಿಡುವ ಮೊದಲೇ ತೆಗೆದುಕೊಳ್ಳುವಂತೆ, ಜಾಲದ ವಲಯವಿಭಜನೆಯೂ ನಕ್ಷೆಯ ಹಂತದಲ್ಲಿಯೇ ಆಗತಕ್ಕದ್ದು.

‘ನಮ್ಮ ಯಂತ್ರಗಳಿಗೆ ಇಂಟರ್ನೆಟ್ಟೇ ಇಲ್ಲ’ ಎಂಬ ಸಮಾಧಾನವೂ ಪರೀಕ್ಷೆಗೆ ನಿಲ್ಲದು. ಲಾರಿ ತೂಗುವ ಕಾಟಾದ ಕೋಣೆಯನ್ನು ನೋಡಿರಿ: ತೂಕವು ಬಂದು ಸೇರುವ ಗಣಕವೂ ಸಿಸಿಟಿವಿಯ ಪೆಟ್ಟಿಗೆಯೂ ಬಿಲ್ಲಿನ ಪ್ರಿಂಟರೂ ಒಂದೇ ಸ್ವಿಚ್ಚಿಗೆ ಜೋಡಿಸಲ್ಪಟ್ಟಿರುತ್ತವೆ, ಅದರಿಂದ ಒಂದು ತಂತಿ ಕಚೇರಿಗೆ, ಇನ್ನೊಂದು ಪ್ಯಾಕಿಂಗ್ ಪ್ಲಾಂಟಿಗೆ, ಮೇಜಿನ ಮೇಲೆ ಯಾರದೋ ಪೆನ್‌ಡ್ರೈವು. 2010ರಲ್ಲಿ ಬೆಳಕಿಗೆ ಬಂದ ಕುತಂತ್ರಾಂಶ ಸ್ಟಕ್ಸ್‌ನೆಟ್, ಹೊರಜಾಲದ ನಂಟಿಲ್ಲದ ಇರಾನಿನ ನತಾನ್ಜ್ ಅಣುಕೇಂದ್ರವನ್ನು ಹೊಕ್ಕಿತು. ಪೆನ್‌ಡ್ರೈವಿನ ಮೂಲಕ ಹರಡುವ ಶಕ್ತಿ ಅದಕ್ಕಿತ್ತು. ನಮ್ಮ ದೇಶದಲ್ಲಿ, 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತ ಜಾಲದ ಗಣಕವೊಂದರಲ್ಲಿ ಕುತಂತ್ರಾಂಶವು ಪತ್ತೆಯಾಯಿತು. ಆ ಜಾಲವು ಮುಖ್ಯ ಆಂತರಿಕ ಜಾಲದಿಂದ ಬೇರ್ಪಟ್ಟಿದ್ದುದರಿಂದ ಸ್ಥಾವರದ ವ್ಯವಸ್ಥೆಗಳಿಗೆ ಬಾಧೆ ತಟ್ಟಲಿಲ್ಲವೆಂದು ಅದನ್ನು ನಡೆಸುವ ನಿಗಮವು ತಿಳಿಸಿತು. ಅಂತಹ ಬೇರ್ಪಡಿಕೆಯನ್ನು ಮೊದಲೇ ಯೋಚಿಸಿ ಕಟ್ಟಬೇಕು.

ಹೆಬ್ಬಾಗಿಲಲ್ಲೊಂದು ಫೈರ್‌ವಾಲ್ ಇದ್ದರೆ ಸಾಕೆಂಬುವರು 2017ರ ಮೇ 12ರಂದು ತಲೆದೋರಿದ ವನ್ನಾಕ್ರೈ ಎಂಬ ಕುತಂತ್ರಾಂಶವನ್ನು ನೆನೆಯಬೇಕು. ಮೈಕ್ರೋಸಾಫ್ಟ್ ಮಾರ್ಚಿನಲ್ಲಿಯೇ ಕೊಟ್ಟಿದ್ದ ತಿದ್ದುಪಡಿಯನ್ನು ಹಾಕಿಕೊಳ್ಳದ ಗಣಕಗಳ ನಡುವೆ, ಯಾರ ಕೈಯೂ ಸೋಕದೆ, ಅದು ಒಂದರಿಂದೊಂದಕ್ಕೆ ತಾನೇ ನುಸುಳಿತು. ಒಳಗೆ ತಡೆಗೋಡೆಗಳಿಲ್ಲದ ಜಾಲದಲ್ಲಿ ಹೆಬ್ಬಾಗಿಲಿನ ಕಾವಲು ಏನು ಮಾಡೀತು? ಕೈಗಾರಿಕಾ ಜಾಲಗಳಿಗೆಂದೇ ಇರುವ ಐಇಸಿ 62443 ಮಾನದಂಡವು ಕಚೇರಿ, ಕಾಟಾ, ಕಂಟ್ರೋಲ್ ರೂಮು, ಕ್ಯಾಮೆರಾಗಳಂಥವನ್ನು ಬೇರೆ ಬೇರೆ ವಲಯಗಳಾಗಿ ಎಣಿಸಿ, ಅವುಗಳ ನಡುವೆ ಅವಶ್ಯವಾದ ಮಾತಿಗಷ್ಟೇ ದಾರಿ ಬಿಡಬೇಕೆನ್ನುತ್ತದೆ. ಕಾಟಾದ ಗಣಕವು ಬಿಲ್ಲಿನ ಗಣಕಕ್ಕೆ ತೂಕವನ್ನು ಕಳುಹಿಸಲಿ, ಕಿಲ್ನಿನ ಪಿಎಲ್‌ಸಿಯೊಡನೆ ಅದಕ್ಕೇನು ಕೆಲಸ? ಯಂತ್ರ ಮಾರಿದ ಕಂಪನಿಯ ಇಂಜಿನಿಯರು ದೂರದಿಂದ ದುರಸ್ತಿಗೆ ಬರುವ ದಾರಿಯೂ ಕೇಳಿದಾಗ ತೆರೆದು, ಕೆಲಸ ಮುಗಿದೊಡನೆ ಮುಚ್ಚುವಂತಿರಬೇಕು.

ತೊಗರಿಯ ಬೇಳೆ ಮಾಡುವ ಸೇಡಂ, ಚಿತ್ತಾಪುರಗಳ ಮಿಲ್ಲಿನವರು ‘ನಮ್ಮನ್ನು ಯಾರು ಕೇಳುತ್ತಾರೆ’ ಎನ್ನಬಹುದು. ವನ್ನಾಕ್ರೈ ಯಾರ ಹೆಸರನ್ನೂ ವಿಚಾರಿಸಿ ಬರಲಿಲ್ಲ. ಕ್ಯಾಮೆರಾದ ಪಾಸ್‌ವರ್ಡನ್ನು ಕಂಪನಿಯಿಂದ ಬಂದಂತೆಯೇ ಬಿಟ್ಟವರನ್ನು ಹುಡುಕುವ ತಂತ್ರಾಂಶಗಳೂ ಊರಿನ ಗಾತ್ರವನ್ನು ನೋಡುವುದಿಲ್ಲ.

ಕಾನೂನಿನ ಹೊಣೆಯೂ ಇಲ್ಲಿಯೇ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ, ಆದೇಶವು ಹೆಸರಿಸಿದ ಬಗೆಯ ದಾಳಿಗಳನ್ನು ಕಂಪನಿಗಳು ತಿಳಿದುಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿಮಾಡಬೇಕು, ಗಣಕಗಳ ಚಟುವಟಿಕೆಯ ದಾಖಲೆಗಳಾದ ಲಾಗುಗಳನ್ನು 180 ದಿನಗಳವರೆಗೆ ಕಾಯ್ದಿಡಬೇಕು, ಗಣಕಗಳ ಗಡಿಯಾರಗಳನ್ನು ನಿಗದಿಯಾದ ಸಮಯಕ್ಕೆ ಹೊಂದಿಸಿರಬೇಕು. ದಾಳಿಯಾದ ರಾತ್ರಿ ಹುಡುಕಹೊರಟರೆ ಆ ಲಾಗುಗಳು ಸಿಗುವುವಲ್ಲ. ಅವನ್ನು ಬರೆದಿಡುವ ಗಣಕವು ಕಾರ್ಖಾನೆಯ ಮೊದಲ ನಕ್ಷೆಯಲ್ಲಿಯೇ, ತನ್ನದೇ ವಲಯದಲ್ಲಿ, ಒಂದು ಸ್ಥಾನವನ್ನು ಪಡೆದಿರಬೇಕು.