ಹಂಚಿದಷ್ಟೂ ಹೆಚ್ಚುವ ಪಾಠ

ಮಕ್ಕಳೇ, ಈ ಲೇಖನ ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡೋಣ. ಏಳು ಮರದ ಬೆಂಕಿಕಡ್ಡಿಗಳನ್ನೂ ಸೈಕಲ್ ಅಂಗಡಿಯಿಂದ ಸ್ವಲ್ಪ ವಾಲ್‌ಟ್ಯೂಬನ್ನೂ ತನ್ನಿ. ವಾಲ್‌ಟ್ಯೂಬ್ ಎಂದರೆ ಸೈಕಲ್ ಚಕ್ರಕ್ಕೆ ಗಾಳಿ ತುಂಬುವ ಜಾಗದಲ್ಲಿ ಹಾಕುವ ಸಣ್ಣ ರಬ್ಬರ್ ನಳಿಕೆ. ಕಡ್ಡಿಗಳ ತುದಿಯ ಮದ್ದನ್ನು ಮನೆಯ ಹಿರಿಯರಿಂದಲೋ ಶಿಕ್ಷಕರಿಂದಲೋ ತೆಗೆಸಿರಿ. ನಳಿಕೆಯನ್ನು ಒಂದೂವರೆ ಸೆಂಟಿಮೀಟರ್ ಉದ್ದದ ಏಳು ತುಂಡುಗಳಾಗಿ ಕತ್ತರಿಸಿ.

ಒಂದು ತುಂಡಿನ ಎರಡೂ ಬಾಯಿಗೆ ಒಂದೊಂದು ಕಡ್ಡಿ ತೂರಿಸಿ. ಬಾಗಿಸಿದರೆ ಬಾಗುವ ಒಂದು ಕೀಲು ಸಿದ್ಧವಾಯಿತು! ಹೀಗೆಯೇ ಮೂರು ಕಡ್ಡಿ, ಮೂರು ತುಂಡುಗಳಿಂದ ಒಂದು ತ್ರಿಭುಜ ಮಾಡಿ. ಉಳಿದ ನಾಲ್ಕು ಕಡ್ಡಿ, ನಾಲ್ಕು ತುಂಡುಗಳಿಂದ ಒಂದು ಚೌಕ ಮಾಡಿ. ಈಗ ಎರಡನ್ನೂ ಮೇಜಿನ ಮೇಲಿಟ್ಟು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಏನಾಯಿತು?

ಚೌಕ ಓರೆಯಾಗಿ ವಾಲಿತು. ಆದರೆ ತ್ರಿಭುಜ ತನ್ನ ಆಕಾರ ಬಿಡಲಿಲ್ಲ. ಮೂರು ಬಾಹುಗಳ ಉದ್ದ ಬದಲಾಗದಿದ್ದರೆ ತ್ರಿಭುಜದ ಕೋನಗಳೂ ಬದಲಾಗಲಾರವು. ಚೌಕಕ್ಕೆ ಈ ಗುಣವಿಲ್ಲ. ಬಾಹುಗಳು ಅಷ್ಟೇ ಉದ್ದವಿದ್ದರೂ ಅದರ ಕೋನಗಳು ಬದಲಾಗಬಲ್ಲವು. ಕಬ್ಬಿಣದ ಸೇತುವೆಯಲ್ಲಿ, ವಿದ್ಯುತ್ ತಂತಿ ಹೊತ್ತ ಎತ್ತರದ ಗೋಪುರದಲ್ಲಿ, ಹೆಂಚಿನ ಮಾಡಿನ ಕೆಳಗಿನ ಮರದ ಕಟ್ಟಿನಲ್ಲಿ ತ್ರಿಭುಜಗಳು ಏಕೆ ಇರುತ್ತವೆಂದು ಈಗ ಹೇಳಬಲ್ಲಿರಾ?

ನಿಮ್ಮೂರಿನಲ್ಲಿ ವಾಲ್‌ಟ್ಯೂಬ್ ಸಿಗದಿದ್ದರೆ ಬೇಸರ ಬೇಡ. ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಒಂದೇ ಉದ್ದದ ಪಟ್ಟಿಗಳಾಗಿ ಕತ್ತರಿಸಿ, ತುದಿಗಳಿಗೆ ತೂತು ಮಾಡಿ, ದಾರದಿಂದ ಕಟ್ಟಿ. ಪಾಠ ಅದೇ, ಸಾಮಗ್ರಿ ಬೇರೆ. ಹೀಗೆ ಬದಲಿಸಿದ್ದನ್ನು ನೆನಪಿಟ್ಟುಕೊಳ್ಳಿ. ಈ ಲೇಖನದ ಮುಖ್ಯ ವಿಷಯವೇ ಅದು.

ಹದಿನಾರು ಶಾಲೆಗಳ ಕಥೆ

ಬೆಂಕಿಕಡ್ಡಿಯ ಈ ಆಟ ನಮ್ಮ ದೇಶದಲ್ಲಿ ಹೆಸರಾದದ್ದು ಅರವಿಂದ ಗುಪ್ತಾ ಅವರಿಂದ. ಅವರು ಲಾರಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. 1978ರಲ್ಲಿ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಹೋದರು. (ಈ ಜಿಲ್ಲೆಯ ಈಗಿನ ಹೆಸರು ನರ್ಮದಾಪುರಂ.) ಅಲ್ಲಿ ಏನು ನಡೆಯುತ್ತಿತ್ತು?

1972ರಲ್ಲಿ ಆ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಹೊಸ ಪ್ರಯತ್ನ ಆರಂಭವಾಗಿತ್ತು. ಅದುವರೆಗೆ ಅಲ್ಲಿ ವಿಜ್ಞಾನವೆಂದರೆ ಪುಸ್ತಕ ಓದುವುದು, ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಬರೆಯುವುದು, ಅಷ್ಟೇ. ಪ್ರಯೋಗಾಲಯ ಇರಲಿಲ್ಲ. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು, "ಹಳ್ಳಿಯ ಮಕ್ಕಳೂ ಪ್ರಯೋಗ ಮಾಡಿಯೇ ಕಲಿಯಬೇಕು" ಎಂದು ಹೊರಟವು. ದುಬಾರಿ ಗಾಜಿನ ಉಪಕರಣಗಳ ಬದಲು ಕಡಿಮೆ ಬೆಲೆಯ, ಸುತ್ತಮುತ್ತ ಸಿಗುವ ವಸ್ತುಗಳನ್ನೇ ಹೆಚ್ಚಾಗಿ ಬಳಸಿದವು. ಮಕ್ಕಳಿಗಾಗಿ 'ಬಾಲ ವೈಜ್ಞಾನಿಕ' ಎಂಬ ಪುಸ್ತಕಗಳು ಬಂದವು. ಆ ಪುಸ್ತಕದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚು. ಪ್ರಯೋಗ ಮಾಡಿ ಉತ್ತರ ಹುಡುಕುವುದು ಮಕ್ಕಳ ಕೆಲಸ.

ಅದರಲ್ಲಿನ ಒಂದು ಬಗೆಯ ಕೆಲಸವನ್ನು ನೀವೂ ಮಾಡಬಹುದು. ಶಾಲೆಯ ಸುತ್ತಲಿನ ಚಿಕ್ಕ ಗಿಡಗಳನ್ನು ಬೇರು ಸಮೇತ ಮೆಲ್ಲಗೆ ಕಿತ್ತು ತನ್ನಿ. ಮೊದಲು ಎಲೆ ನೋಡಿ. ನಾಳಗಳು ಬಲೆಯಂತೆ ಹರಡಿವೆಯೇ, ಅಥವಾ ಒಂದರ ಪಕ್ಕ ಒಂದು ಗೆರೆಯಂತೆ ಸಾಗಿವೆಯೇ? ಅನಂತರ ಬೇರು ನೋಡಿ. ನಡುವೆ ಒಂದು ದಪ್ಪ ಬೇರು ಇದೆಯೇ, ಅಥವಾ ನಾರಿನಂಥ ಬೇರುಗಳ ಗೊಂಚಲೇ? ಅವರೆ ಸಸಿಯನ್ನೂ ರಾಗಿ ಪೈರನ್ನೂ ಹೋಲಿಸಿರಿ. ಹತ್ತು ಗಿಡಗಳನ್ನು ಪಟ್ಟಿ ಮಾಡಿದರೆ ಎಲೆಗೂ ಬೇರಿಗೂ ಇರುವ ನಂಟು ನಿಮಗೇ ಹೊಳೆಯುತ್ತದೆ. ಇದಕ್ಕೆ ಯಾವ ಪ್ರಯೋಗಾಲಯ ಬೇಕು ಹೇಳಿ?

ಶಿಕ್ಷಕರೂ ಕಲಿತರು

ಹೊಸ ಪುಸ್ತಕ ಕೊಟ್ಟರೆ ಸಾಲದು, ಕಲಿಸುವ ರೀತಿಯೂ ಬದಲಾಗಬೇಕಲ್ಲವೇ? ಆದ್ದರಿಂದ ಶಿಕ್ಷಕರು ತರಬೇತಿಯಲ್ಲಿ ಮಕ್ಕಳಂತೆಯೇ ಗುಂಪುಗಳಲ್ಲಿ ಕುಳಿತು ಎಲ್ಲ ಪ್ರಯೋಗಗಳನ್ನೂ ಸ್ವತಃ ಮಾಡುತ್ತಿದ್ದರು. ತಿಂಗಳಿಗೊಮ್ಮೆ ಸೇರಿ, "ಈ ಪ್ರಯೋಗ ನಮ್ಮ ತರಗತಿಯಲ್ಲಿ ಸರಿಯಾಗಿ ಬರಲಿಲ್ಲ, ಏಕೆ?" ಎಂದು ಚರ್ಚಿಸುತ್ತಿದ್ದರು. ಅವರ ಅನುಭವದಿಂದ ಪುಸ್ತಕದ ಪಾಠಗಳು ತಿದ್ದುಪಡಿಯಾದವು. ಮಕ್ಕಳು 'ಸವಾಲಿರಾಮ್' ಎಂಬ ಕಲ್ಪಿತ ಹೆಸರಿಗೆ ಪತ್ರ ಬರೆದು ತಮಗೆ ಬಂದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಸವಾಲ್ ಎಂದರೆ ಹಿಂದಿಯಲ್ಲಿ ಪ್ರಶ್ನೆ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು! ಏಕೆಂದರೆ ಅಲ್ಲಿ ಅಳೆಯುತ್ತಿದ್ದುದು ನೆನಪಿನ ಶಕ್ತಿಯನ್ನಲ್ಲ, ಯೋಚಿಸುವ ಶಕ್ತಿಯನ್ನು.

16 ಶಾಲೆಗಳಲ್ಲಿ ಆರಂಭವಾದ ಈ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಆರಂಭವಾದ ಏಕಲವ್ಯ ಎಂಬ ಸಂಸ್ಥೆ ಅದನ್ನು ಮುಂದುವರಿಸಿತು. ಕೊನೆಕೊನೆಗೆ ಸುಮಾರು ಒಂದು ಸಾವಿರ ಶಾಲೆಗಳನ್ನು ಅದು ತಲುಪಿತ್ತು. ಆದರೆ 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಕೆಲಸ ಅಲ್ಲಿಗೇ ಮುಗಿಯಿತೇ? ಇಲ್ಲ. ಪಾಠಗಳು ಪುಸ್ತಕಗಳಲ್ಲಿ ಉಳಿದವು. ಆ ಪುಸ್ತಕಗಳನ್ನು ಅಂತರಜಾಲದಲ್ಲಿ ಇಂದಿಗೂ ಓದಬಹುದು. ಅರವಿಂದ ಗುಪ್ತಾ ಅವರು ಕಸದಿಂದ ಮಾಡುವ ನೂರಾರು ವಿಜ್ಞಾನ ಆಟಿಕೆಗಳನ್ನೂ ಸಾವಿರಾರು ಪುಸ್ತಕಗಳನ್ನೂ ತಮ್ಮ ಜಾಲತಾಣದಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಯುದ್ಧ ಮುಗಿದ ಮೇಲೆ

ಇಂಥ ಯೋಚನೆ ಬಂದದ್ದು ಅದೇ ಮೊದಲಲ್ಲ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಅನೇಕ ದೇಶಗಳಲ್ಲಿ ಶಾಲೆಗಳು ನಾಶವಾಗಿದ್ದವು. ಕಟ್ಟಡವೇ ಇಲ್ಲದ ಕಡೆ ಪ್ರಯೋಗಾಲಯ ಎಲ್ಲಿಂದ ಬರಬೇಕು? ಆಗ ಇಂಗ್ಲೆಂಡಿನ ವಿಜ್ಞಾನ ಶಿಕ್ಷಕ ಜೆ.ಪಿ. ಸ್ಟೀಫನ್‌ಸನ್ ಒಂದು ಪುಸ್ತಕ ಬರೆದರು. ಸುಲಭವಾಗಿ ಸಿಗುವ ವಸ್ತುಗಳಿಂದ ಉಪಕರಣಗಳನ್ನು ಮಾಡಿಕೊಂಡು ವಿಜ್ಞಾನ ಕಲಿಸುವುದು ಹೇಗೆಂದು ಅದರಲ್ಲಿತ್ತು. ಯುನೆಸ್ಕೊ ಅದನ್ನು 1948ರಲ್ಲಿ ಪ್ರಕಟಿಸಿತು.

ಆಶ್ಚರ್ಯವೆಂದರೆ, ಯುದ್ಧ ಕಾಣದ ದೇಶಗಳಿಂದಲೂ ಆ ಪುಸ್ತಕಕ್ಕೆ ಬೇಡಿಕೆ ಬಂತು. ಅಲ್ಲಿನ ಶಾಲೆಗಳಿಗೆ ಬಾಂಬು ಬಿದ್ದಿರಲಿಲ್ಲ ನಿಜ. ಆದರೆ ಅಲ್ಲಿಯೂ ಉಪಕರಣಗಳಿರಲಿಲ್ಲ! ಮುಂದೆ 1956ರಲ್ಲಿ ಯುನೆಸ್ಕೊ ಇದನ್ನು ಬೆಳೆಸಿ ವಿಜ್ಞಾನ ಬೋಧನೆಯ ಒಂದು ದೊಡ್ಡ ಆಕರ ಗ್ರಂಥ ಹೊರತಂದಿತು. ಅದು ಅನೇಕ ಭಾಷೆಗಳಿಗೆ ಅನುವಾದವಾಯಿತು.

ನಕಲು ಮಾಡಬಹುದೇ?

ಈಗ ಒಂದು ಪ್ರಶ್ನೆ. ನಿಮ್ಮ ಶಿಕ್ಷಕರಿಗೆ ಬೇರೆ ಭಾಷೆಯ ಒಂದು ಒಳ್ಳೆಯ ವಿಜ್ಞಾನ ಪುಸ್ತಕ ಸಿಕ್ಕಿತೆನ್ನಿ. ಅದನ್ನು ಕನ್ನಡಕ್ಕೆ ತಂದು, ಮುದ್ರಿಸಿ, ತಾಲ್ಲೂಕಿನ ಎಲ್ಲ ಶಾಲೆಗಳಿಗೆ ಹಂಚಬೇಕೆಂದು ಅವರಿಗೆ ಆಸೆ. ಹಂಚಬಹುದೇ?

ಹಾಗೆ ಸುಮ್ಮನೆ ಹಂಚುವಂತಿಲ್ಲ. ಪುಸ್ತಕ ಬರೆದವರಿಗೆ ಅದರ ಮೇಲೆ ಹಕ್ಕು ಇರುತ್ತದೆ. ಅದೇ ಕೃತಿಸ್ವಾಮ್ಯ. ನಮ್ಮ ದೇಶದಲ್ಲಿ 1957ರ ಕಾಯಿದೆಯಂತೆ ಈ ಹಕ್ಕು ಸಾಮಾನ್ಯವಾಗಿ ಲೇಖಕರ ಜೀವಿತಕಾಲವಿಡೀ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಇದು ತಪ್ಪಲ್ಲ. ಕಷ್ಟಪಟ್ಟು ಬರೆದವರ ದುಡಿಮೆಗೆ ರಕ್ಷಣೆ ಬೇಕು. ಆದರೆ "ನನ್ನ ಪಾಠ ಎಲ್ಲ ಮಕ್ಕಳಿಗೂ ತಲುಪಲಿ, ಹಂಚಿಕೊಳ್ಳಿ" ಎನ್ನುವ ಲೇಖಕರೂ ಇದ್ದಾರಲ್ಲ! ಅವರು ತಮ್ಮ ಒಪ್ಪಿಗೆಯನ್ನು ಎಲ್ಲರಿಗೂ ತಿಳಿಸುವುದು ಹೇಗೆ?

ಇದಕ್ಕಾಗಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2001ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 2002ರ ಡಿಸೆಂಬರಿನಲ್ಲಿ ಅದು ಸಿದ್ಧ ಪರವಾನಗಿಗಳನ್ನು ಹೊರತಂದಿತು. ಪುಸ್ತಕದ ಮೇಲೆ ವೃತ್ತದೊಳಗೆ 'ಸಿಸಿ' ಎಂಬ ಗುರುತು ಇದ್ದರೆ, ಲೇಖಕರು ಕೆಲವು ಅನುಮತಿಗಳನ್ನು ಮೊದಲೇ ಕೊಟ್ಟಿದ್ದಾರೆಂದು ಅರ್ಥ. ಪಕ್ಕದಲ್ಲಿ ಇನ್ನೂ ಕೆಲವು ಚಿಕ್ಕ ಗುರುತುಗಳಿರುತ್ತವೆ.

ಮನುಷ್ಯನ ಚಿತ್ರ: ಬರೆದವರ ಹೆಸರನ್ನು ತಪ್ಪದೆ ಹೇಳಿ.

ಸುತ್ತಿದ ಬಾಣ: ಬದಲಿಸಿ ಹಂಚಿದರೆ, ನೀವು ಮಾಡಿದ್ದನ್ನೂ ಇದೇ ರೀತಿ ಇತರರಿಗೆ ಬಿಟ್ಟುಕೊಡಿ.

ಗೀಟು ಹಾಕಿದ ಹಣದ ಗುರುತು: ಲಾಭಕ್ಕಾಗಿ ಬಳಸಬೇಡಿ.

ಸಮ ಚಿಹ್ನೆ: ಬದಲಿಸಿ ಹಂಚಬೇಡಿ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಬರಹಗಳಿಗೆ ಈಗ ಮೊದಲ ಎರಡು ಗುರುತುಗಳ ಪರವಾನಗಿ ಇದೆ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಬದಲಿಸಲೂಬಹುದು.

ಹೀಗೆ ಬಳಸಲು, ನಕಲು ಮಾಡಲು, ಬದಲಿಸಲು, ಹಂಚಲು ಬಿಟ್ಟಿರುವ ಪಾಠ, ಚಿತ್ರ, ಪುಸ್ತಕ, ವೀಡಿಯೋಗಳನ್ನು 'ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು 2002ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಯುನೆಸ್ಕೊ ಸಭೆಯಲ್ಲಿ. ಕರ್ನಾಟಕದಲ್ಲಿಯೂ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಸೇರಿ ಇದೇ ಹೆಸರಿನ ಒಂದು ಕನ್ನಡ ಜಾಲತಾಣಕ್ಕೆ ಪಾಠಗಳನ್ನು ಬರೆದಿದ್ದಾರೆ.

ಉಚಿತವೇ ಬೇರೆ, ಮುಕ್ತವೇ ಬೇರೆ

ಇಲ್ಲಿ ಒಂದು ವಿಷಯ ಗಮನಿಸಿ. ದುಡ್ಡು ಕೊಡದೆ ನೋಡಲು ಸಿಕ್ಕಿದ್ದೆಲ್ಲ ಮುಕ್ತವಲ್ಲ. ಜಾತ್ರೆಯ ಬಯಲಾಟವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹಾಗೆಂದು ಮೇಳದವರ ವೇಷಗಳನ್ನು ಮನೆಗೆ ಒಯ್ಯಲಾದೀತೇ? ನೋಡಲು ಮಾತ್ರ ಬಿಟ್ಟದ್ದು ಉಚಿತ. ಬದಲಿಸಿ ಹಂಚಲೂ ಬಿಟ್ಟದ್ದು ಮುಕ್ತ.

ಬದಲಿಸುವ ಹಕ್ಕು ಏಕೆ ಅಷ್ಟು ಮುಖ್ಯ? ಚಳಿ ದೇಶದ ಪುಸ್ತಕದಲ್ಲಿ ಓಕ್ ಮರದ ಎಲೆ ತನ್ನಿ ಎಂದಿರುತ್ತದೆ. ನಮ್ಮೂರಿನಲ್ಲಿ ಓಕ್ ಎಲ್ಲಿದೆ? ಹೊಂಗೆಯ ಎಲೆ ಇದೆ, ಬೇವಿನ ಎಲೆ ಇದೆ. ಮುಕ್ತ ಪಾಠವಾದರೆ ನಿಮ್ಮ ಶಿಕ್ಷಕರು ಓಕ್ ತೆಗೆದು ಹೊಂಗೆ ಎಂದು ಬರೆಯಬಹುದು. ಕಲಬುರಗಿಯವರು ಜೋಳದ ಉದಾಹರಣೆ ಕೊಡಬಹುದು, ಮಲೆನಾಡಿನವರು ಅಡಿಕೆಯ ಉದಾಹರಣೆ ಕೊಡಬಹುದು. ಪಾಠದಲ್ಲಿ ತಪ್ಪಿದ್ದರೆ ತಿದ್ದಬಹುದು. ಹೀಗೆ ತಿದ್ದಿದ ಪಾಠ ಇನ್ನೊಂದು ಶಾಲೆಗೆ ಹೋಗುತ್ತದೆ. ಒಂದು ಬುಟ್ಟಿ ಮಾವಿನಹಣ್ಣು ಹಂಚಿದರೆ ಬುಟ್ಟಿ ಖಾಲಿಯಾಗುತ್ತದೆ. ಪಾಠ ಹಂಚಿದರೆ ಕೊಟ್ಟವರ ಬಳಿಯೂ ಉಳಿಯುತ್ತದೆ, ಪಡೆದವರ ಬಳಿಯೂ ಬೆಳೆಯುತ್ತದೆ.

ಆದರೆ ಎರಡು ಎಚ್ಚರಿಕೆಗಳಿವೆ. ಒಂದು, ಯಾರು ಬೇಕಾದರೂ ಬದಲಿಸಬಹುದಾದ ಪಾಠದಲ್ಲಿ ತಪ್ಪೂ ಸೇರಬಹುದು. ಆದ್ದರಿಂದ ಓದಿದ್ದನ್ನು ಮಾಡಿ ನೋಡಿ, ಶಿಕ್ಷಕರೊಂದಿಗೆ ಚರ್ಚಿಸಿ, ಇನ್ನೊಂದು ಪುಸ್ತಕದೊಂದಿಗೆ ಹೋಲಿಸಿ. ಎರಡು, ವಿದ್ಯುತ್ತು, ಅಂತರಜಾಲ ಇಲ್ಲದ ಊರಿಗೆ ವೀಡಿಯೋ ತಲುಪದು. ಅಂಥ ಕಡೆ ಒಬ್ಬ ಶಿಕ್ಷಕರು ಕಾಗದದ ಮೇಲೆ ಬರೆದು ತಂದ ಒಂದು ಪಾಠವೇ ದೊಡ್ಡದು. ಪಾಠ ಎಷ್ಟು ಮುಕ್ತವಾಗಿದ್ದರೂ ಅದನ್ನು ಕೈಯಾರೆ ಮಾಡಿಸುವ ಶಿಕ್ಷಕರು, ಮಾಡುವ ಮಕ್ಕಳು ಬೇಕೇ ಬೇಕು.

ನೀವೂ ಒಂದು ಪಾಠ ಬರೆಯಿರಿ

ಲೇಖನದ ಮೊದಲಲ್ಲಿ ಮಾಡಿದ ಚೌಕಕ್ಕೆ ಮರಳೋಣ. ಅದು ವಾಲದಂತೆ ಮಾಡಲು ಏನು ಮಾಡಬೇಕು? ಎದುರುಬದುರು ಇರುವ ಎರಡು ಕೀಲುಗಳಿಗೆ ಮುಳ್ಳಿನಿಂದ ತೂತು ಮಾಡಿ, ಪೊರಕೆ ಕಡ್ಡಿಯ ತುಂಡೊಂದನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ತೂರಿಸಿ. ಈಗ ಚೌಕದಲ್ಲಿ ಎರಡು ತ್ರಿಭುಜಗಳಾದವು. ತಳ್ಳಿ ನೋಡಿ, ಏನಾಗುತ್ತದೆ? ಐದು ಕಡ್ಡಿಗಳ ಪಂಚಭುಜ ವಾಲದಿರಲು ಇಂಥ ಎಷ್ಟು ಅಡ್ಡಕಡ್ಡಿಗಳು ಬೇಕು? ನೀವೇ ಕಂಡುಹಿಡಿಯಿರಿ.

ಕಂಡುಹಿಡಿದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೇಕಾದ ಸಾಮಗ್ರಿ, ಮಾಡುವ ಕ್ರಮ, ಕಂಡದ್ದೇನು, ಎಲ್ಲಿ ತಪ್ಪಾಯಿತು, ಎಲ್ಲವೂ ಇರಲಿ. ಚಿತ್ರ ಬಿಡಿಸಿ. ಕೆಳಗೆ ನಿಮ್ಮ ತರಗತಿಯ ಹೆಸರು ಬರೆದು, "ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಬದಲಿಸಬಹುದು, ಹಂಚಬಹುದು. ನಮ್ಮ ಹೆಸರು ಹೇಳಿ" ಎಂದು ಸೇರಿಸಿ. ಆ ಹಾಳೆಯನ್ನು ಪಕ್ಕದ ಊರಿನ ಶಾಲೆಗೆ ಕಳುಹಿಸಿ.

ಅವರು ಅದನ್ನು ಬದಲಿಸಿ ನಿಮಗೇ ಮರಳಿ ಕಳುಹಿಸಿದರೆ ಆಶ್ಚರ್ಯಪಡಬೇಡಿ. ನಿಮ್ಮ ಪಾಠ ಬೆಳೆಯತೊಡಗಿದೆ!